ಏನೂ ಮಾಡದಿರುವ ಪರೀಕ್ಷೆ

ಸುಮ್ಮನೆ ಮಲಗುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವ ಗಂಡಸು ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನೊಳಗೆ ಇನ್ನೂ ಹುಟ್ಟಿಲ್ಲ ಎಂದು ಕಲ್ಯಾಣಪ್ಪ ಎದೆ ತಟ್ಟಿಕೊಂಡು ಹೇಳಿದ. ತಟ್ಟಿದ್ದು ಎದೆಯನ್ನು, ಅಲುಗಿದ್ದು ಹೊಟ್ಟೆ. ಆ ಅಲುಗಾಟ ನಿಲ್ಲುವ ತನಕ ಎದುರಿಗೆ ಕೂತಿದ್ದ ಡಾಕ್ಟರ್ ಪ್ರಹ್ಲಾದರಾಯರು ಕಾದರು.

"ನಾ ಚೇಷ್ಟಾ ಮಾಡಾಕತ್ತಿಲ್ಲ ಕಾಕಾ," ಎಂದರು ಅವರು. "ಇದು ಭಾಳ ಕಠಿಣ ಪರೀಕ್ಷಾ ಅದ. ಹಿಂದಿನ ದಿನ ಸಂಜೀಕ ಉಂಡದ್ದು ಬಿಟ್ರ ಹೊಟ್ಟ್ಯಾಗ ಏನೂ ಇರಬಾರದು. ಚಹಾ ಇಲ್ಲ, ಅಡಕಿ ಇಲ್ಲ. ಮುಂಜಾನೆ ಅರ್ಧಾ ತಾಸು ಅಂಗಾತ ಮಲಗಬೇಕು. ಕೈಕಾಲು ಅಲುಗಾಡಸಬಾರದು. ಮಾತಾಡಬಾರದು. ಸಿಟ್ಟು ಬರಬಾರದು, ಖುಷಿ ಆಗಬಾರದು, ಚಿಂತಿ ಹತ್ತಬಾರದು. ಆಮ್ಯಾಲ ನಳಿಗಿ ಬಾಯಾಗ ಇಟಗೊಂಡು ಇಪ್ಪತ್ತು ನಿಮಿಷ ಉಸುರಾಡಬೇಕು."

"ಅಷ್ಟ ಹೌದಲ್ಲ? ಇದನ್ನ ನಾ ಇಪ್ಪತ್ತೆರಡು ವರ್ಷದಿಂದ ದಿನಾ ಅಂಗಡ್ಯಾಗ ಮಾಡಾಕತ್ತೇನಿ," ಎಂದ ಕಲ್ಯಾಣಪ್ಪ.

"ಅದು ಖರೇ ಅದ," ಎಂದು ಅಡುಗೆಮನೆಯಿಂದ ಗುರಮ್ಮನ ಧ್ವನಿ ಬಂತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಮಾತನ್ನು ಅವಳು ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಈ ಪರೀಕ್ಷೆಯ ಮೂಲ ಹುಡುಕುತ್ತ ಹೋದರೆ ಅಕ್ಕಲಕೋಟಕ್ಕೆ ಹೋಗಬೇಕಾಗುತ್ತದೆ. ಹಿಂದಿನ ವರ್ಷ ರಜಾಕಾರರ ಗದ್ದಲ ಜೋರಾದಾಗ ಆಳಂದದ ಅರ್ಧ ಪೇಟೆ ಗಡಿ ದಾಟಿತ್ತು. ಕಲ್ಯಾಣಪ್ಪನೂ ಬಟ್ಟೆ ಅಂಗಡಿಗೆ ಬೀಗ ಜಡಿದು, ಮನೆಯ ಬೀಗದ ಕೈಯನ್ನು ಪಕ್ಕದ ಮನೆಯ ಕರೀಮುನ್ನಿಸಾಳಿಗೆ ಒಪ್ಪಿಸಿ, ಹೆಂಡತಿಯ ತವರಾದ ಅಕ್ಕಲಕೋಟಕ್ಕೆ ಹೋಗಿ ಸೇರಿದ. ಗಡಿಯಾಚೆ ಹೋದವರೆಲ್ಲ ಊರಿನ ಚಿಂತೆಯಲ್ಲಿ ಸೊರಗಿದರು. ಕಲ್ಯಾಣಪ್ಪ ಮಾತ್ರ ಊದಿದ. ಅವನ ತಪ್ಪೆನ್ನುವ ಹಾಗೂ ಇರಲಿಲ್ಲ. ಅಳಿಯ 'ಸಾಕು' ಎಂದರೆ ಇನ್ನೆರಡು ಹಾಕಬೇಕು, 'ಬೇಡ' ಎಂದು ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ತುಪ್ಪ ಸುರಿಯಬೇಕು ಎಂಬುದು ಆ ಮನೆಯ ರೀತಿ. ಎರಡು ದಿನಕ್ಕೆ ಬಂದು ಹೋಗುವ ಅಳಿಯನಿಗಾಗಿ ಹಿರಿಯರು ಮಾಡಿದ ಕಾಯ್ದೆ ಅದು. ಹತ್ತು ತಿಂಗಳು ಉಳಿದ ಅಳಿಯನಿಗೂ ಅದನ್ನೇ ಚಾಚೂ ತಪ್ಪದೆ ನಡೆಸಿದರು. ಗದ್ದಲ ಅಡಗಿ ಊರಿಗೆ ಮರಳಿದಾಗ ಬೀಗದ ಕೈ ಹಿಡಿದುಕೊಂಡು ಬಂದ ಕರೀಮುನ್ನಿಸಾ, ಗುರಮ್ಮನ ಹಿಂದೆ ನಿಂತಿದ್ದವನನ್ನು ಒಮ್ಮೆ ನೋಡಿ, "ಭೈಯ್ಯಾ ಹಿಂದಿಂದ ಬರಾಕತ್ತಾರೇನು ಅಕ್ಕಾ?" ಎಂದು ಕೇಳಿದ್ದಳು.

ಅವತ್ತೇ ಗುರಮ್ಮ ಸೊಂಟಕ್ಕೆ ಸೆರಗು ಸಿಗಿಸಿದಳು. ಊಟಕ್ಕೆ ಎರಡು ರೊಟ್ಟಿ, ಒಂದು ಸೌಟು ಪಲ್ಯ. ತುಪ್ಪದ ಗಡಿಗೆ ದೇವರಮನೆಯ ಜಗುಲಿಯ ಮೇಲೆ, ದೇವರ ಪಕ್ಕಕ್ಕೆ ಹೋಯಿತು. ಸ್ನಾನ ಮಾಡಿ ಮಡಿ ಉಟ್ಟಲ್ಲದೆ ಅದನ್ನು ಮುಟ್ಟುವ ಹಾಗಿರಲಿಲ್ಲ, ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವಷ್ಟು ಹುರುಪು ಕಲ್ಯಾಣಪ್ಪನಿಗೂ ಇರಲಿಲ್ಲ. ಅವನು ವಾದ ಹೂಡಿದ. ತಾನು ಉಣ್ಣುವುದೇ ಕಡಿಮೆ, ತನ್ನ ಮೈಯ ಗುಣವೇ ಬೇರೆ, ಗಾಳಿ ಕುಡಿದರೂ ಅದು ಹೊಟ್ಟೆಗೆ ಹತ್ತುತ್ತದೆ ಎಂದ.

"ಹಂಗಾದ್ರ ಗಾಳೀನ ಕುಡೀರಿ, ರೊಟ್ಟಿ ಉಳೀತಾವ," ಎಂದಳು ಗುರಮ್ಮ.

ಇಷ್ಟನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಆದರೆ ಎಳ್ಳಮಾಸಿ ಹತ್ತಿರ ಬಂತು. ಎಳ್ಳ ಅಮಾವಾಸ್ಯೆಯೆಂದರೆ ಆ ಸೀಮೆಯಲ್ಲಿ ಹೊಲವೇ ಅಡುಗೆಮನೆ, ಹೊಲವೇ ಪಂಕ್ತಿ. ಪಕ್ಕದ ಹಳ್ಳಿ ಮಟಕಿಯಲ್ಲಿ ಕಲ್ಯಾಣಪ್ಪನ ಹೊಲವಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತೆಂಟು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಕಡಬು, ಅಂಬಲಿ, ಎಲ್ಲಕ್ಕೂ ಮಿಗಿಲಾಗಿ ಶೇಂಗಾ ಹೋಳಿಗೆ. ಹಿಂದಿನ ಸಲದ ಎಳ್ಳಮಾಸಿ ಪರ ಊರಿನಲ್ಲಿ, ಮಾಳಿಗೆಯ ಮೇಲೆ ಕೂತು ಕಳೆದಿತ್ತು. ಬೇಕಾದಷ್ಟು ಹೋಳಿಗೆ ತಿಂದಿದ್ದರೂ ಕಣ್ಣೆದುರಿಗೆ ತನ್ನ ಬಿಳಿಜೋಳದ ತೆನೆ ಇಲ್ಲದ್ದಕ್ಕೆ ಅವನು ಕಣ್ಣಲ್ಲಿ ನೀರು ತಂದುಕೊಂಡಿದ್ದ. ಈ ಸಲ ತನ್ನ ಹೊಲ, ತನ್ನ ಬನ್ನಿಗಿಡದ ನೆರಳು. ಅಲ್ಲಿಯೂ ಎರಡೇ ರೊಟ್ಟಿ, ಹೋಳಿಗೆ ಮೂಸಿ ನೋಡುವುದಕ್ಕೂ ಇಲ್ಲ ಎಂದು ಗುರಮ್ಮ ಸಾರಿದಾಗ ಕಲ್ಯಾಣಪ್ಪನ ಜೀವ ಅರ್ಧ ಹಾರಿಹೋಯಿತು.

ಆ ಹೊತ್ತಿಗೆ ದೇವರು ಕಳಿಸಿದ ಹಾಗೆ ಬಂದವರು ಪ್ರಹ್ಲಾದರಾಯರು. ಆಳಂದದವರೇ, ವ್ಯಂಕಟೇಶರಾಯರ ಮಗ, ಮುಂಬಯಿಯಲ್ಲಿ ಡಾಕ್ಟರಿ ಕಲಿತು ಬಂದ ಬಿಸಿರಕ್ತ. ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ಡಾಕ್ಟರನಿಂದ ಹಳೆಯ ಯಂತ್ರವೊಂದನ್ನು ಕೊಂಡು ತಂದಿದ್ದರು. ಸುಮ್ಮನೆ ಮಲಗಿದ ಮನುಷ್ಯನ ಮೈ ಎಷ್ಟು ಉರಿಯುತ್ತದೆ ಎಂಬ ಲೆಕ್ಕವನ್ನು ಬಿಳಿಯರು ಬಿಳಿಯರ ಮೇಲೆಯೇ ಹಾಕಿದ್ದಾರೆ, ಜೋಳದ ರೊಟ್ಟಿ ತಿನ್ನುವವರ ಲೆಕ್ಕ ಬೇರೆ ಇರಲೇಬೇಕು ಎಂಬುದು ಅವರ ಹಟ. ಅದಕ್ಕಾಗಿ ಮೂರು ತಾಲೂಕಿನಿಂದ ತಲಾ ಹತ್ತು ಮಂದಿಯನ್ನು ಮಲಗಿಸುವ ಪಣ ತೊಟ್ಟಿದ್ದರು. ಅಫಜಲಪುರದ ಹತ್ತು ಮುಗಿದಿತ್ತು, ಆಳಂದದಲ್ಲಿ ಒಂಬತ್ತಾಗಿತ್ತು, ಆಮೇಲೆ ಜೇವರ್ಗಿ.

"ಗಾಡಿ ಹೂಡದ ದಿನಾನೂ ಎತ್ತು ಮೇವು ತಿಂತದೋ ಇಲ್ಲೋ ಕಾಕಾ?" ಎಂದು ಅವರು ತಿಳಿಸಿ ಹೇಳಿದರು. "ಯಾಕ ತಿಂತದ? ಸುಮ್ನ ನಿಂತ್ರೂ ಎದಿ ಬಡೀತದ, ಉಸುರು ಆಡ್ತದ, ಮೈ ಬೆಚ್ಚಗ ಇರ್ತದ. ಅದಕ್ಕೆಲ್ಲಾ ಒಳಗೊಂದು ಒಲಿ ಸಣ್ಣಗ ಉರೀತಿರ್ತದ. ಒಲಿ ಉರಿಯಾಕ ಗಾಳಿ ಬೇಕು. ಎಷ್ಟು ನಿಮಿಷಕ್ಕ ಎಷ್ಟು ಗಾಳಿ ಖರ್ಚಾತು ಅಂತ ಅಳದ್ರ ಒಲಿ ಎಷ್ಟು ಉರೀತದ ಅಂಬೂದು ಗೊತ್ತಾಗ್ತದ. ಉಂಡ ಉರಿ, ಓಡಾಡಿದ ಉರಿ ಅದರಾಗ ಕೂಡಬಾರದು. ಅದಕ್ಕ ಹೊಟ್ಟಿ ಖಾಲಿ, ಮೈ ನಿಶ್ಚಲ."

"ಒಬ್ಬೊಬ್ಬರದು ಸಣ್ಣ ಒಲಿ, ಒಬ್ಬೊಬ್ಬರದು ದೊಡ್ಡ ಒಲಿ ಇರ್ತದೇನು?"

"ಇರ್ತದ. ಗಂಟಲದಾಗಿನ ಒಂದು ಗ್ರಂಥಿ ಮೈಗಳ್ಳತನ ಮಾಡಿದ್ರ ಒಲಿ ಮಂದ ಆಗ್ತದ. ಅಂಥವರು ಸ್ವಲ್ಪ ಉಂಡ್ರೂ ಮೈ ಬರ್ತದ. ಅವರ ತಪ್ಪಲ್ಲ ಅದು. ಅದಕ್ಕ ಗುಳಿಗಿ ಅವ."

'ಅವರ ತಪ್ಪಲ್ಲ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಲ್ಯಾಣಪ್ಪ ಹೆಂಡತಿಯನ್ನು ಕೂಗಿ ಕರೆದ. ಡಾಕ್ಟರೇ ಹೇಳಿದ್ದಾರೆ, ತನ್ನ ಮೈಯೊಳಗೆ ಒಂದು ಗ್ರಂಥಿ ಮೈಗಳ್ಳತನ ಮಾಡುತ್ತಿದೆ ಎಂದ.

"ಅದೊಂದ ಏನು?" ಎಂದಳು ಗುರಮ್ಮ.

ಕಡೆಗೆ ಡಾಕ್ಟರ ಮುಂದೆಯೇ ಶರ್ತವಾಯಿತು. ಒಲೆ ಮಂದ ಎಂದು ಯಂತ್ರ ಹೇಳಿದರೆ ಕಲ್ಯಾಣಪ್ಪ ಗುಳಿಗೆ ನುಂಗುತ್ತ ಎಳ್ಳಮಾಸಿಯಂದು ಬೇಕಾದಷ್ಟು ಉಣ್ಣಬಹುದು, ಗುರಮ್ಮ ಬಾಯಿ ತೆರೆಯುವುದಿಲ್ಲ. ಒಲೆ ಸರಿಯಾಗಿದೆ ಎಂದರೆ ಹೊಲದಲ್ಲೂ ಎರಡೇ ರೊಟ್ಟಿ, ಕಲ್ಯಾಣಪ್ಪ ಬಾಯಿ ತೆರೆಯುವ ಹಾಗಿಲ್ಲ. ಯಂತ್ರದ ಸಿಲಿಂಡರಿನಲ್ಲಿ ಒಬ್ಬರಿಗೆ ಆಗುವಷ್ಟೇ ಪ್ರಾಣವಾಯು ಉಳಿದಿದೆ, ಮರುದಿನ ಮಧ್ಯಾಹ್ನ ತಾವು ಜೇವರ್ಗಿಗೆ ಹೊರಡಬೇಕು, ಕೆಟ್ಟರೆ ಮತ್ತೆ ಮಾಡುವುದಕ್ಕಾಗದು ಎಂದು ಡಾಕ್ಟರು ಎಚ್ಚರಿಸಿದರು. "ಒಂದು ಬೆರಳು ಅಲುಗಾಡಿಸಿದ್ರೂ ಉರಿ ಏರ್ತದ, ನೆನಪಿರಲಿ," ಎಂದರು.

ಉರಿ ಏರಿದರೆ ಹೋಳಿಗೆ ಹೋಯಿತು ಎಂದು ಕಲ್ಯಾಣಪ್ಪ ಮನಸ್ಸಿನಲ್ಲಿ ಬರೆದುಕೊಂಡ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಸದ್ದಾಗಬಾರದೆಂದು ಗುರಮ್ಮ ಸಜ್ಜೆಯ ಬುಟ್ಟಿ ಹೊತ್ತು ಹಿಟ್ಟಿನ ಗಿರಣಿಗೆ ಹೋದಳು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಲ್ಯಾಣಪ್ಪ ಅಂಗಾತ ಮಲಗಿದ. ಚಳಿಗೆ ಕುತ್ತಿಗೆಯ ತನಕ ಬಿಳಿ ಧೋತರ ಹೊದಿಸಿದ್ದರು. ಪಕ್ಕದಲ್ಲಿ ಯಂತ್ರ. ನೀರು ತುಂಬಿದ ಒಂದು ಹಂಡೆ, ಅದರಲ್ಲಿ ಬೋರಲು ತೇಲುವ ತಗಡಿನ ಡಬ್ಬಿ, ಡಬ್ಬಿಯೊಳಗೆ ಪ್ರಾಣವಾಯು, ಡಬ್ಬಿಯಿಂದ ಬಾಯಿಗೆ ರಬ್ಬರಿನ ನಳಿಗೆ. ಉಸಿರು ಎಳೆದರೆ ಡಬ್ಬಿ ಇಳಿಯುವುದು, ಬಿಟ್ಟರೆ ಏರುವುದು. ಅದಕ್ಕೆ ಕಟ್ಟಿದ ಲೇಖನಿ, ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ಆ ಏರಿಳಿತವನ್ನು ಬರೆಯುತ್ತ ಹೋಗುವುದು.

ಮೊದಲ ಹತ್ತು ನಿಮಿಷದಲ್ಲೇ ಕಲ್ಯಾಣಪ್ಪನಿಗೆ ಒಂದು ಸತ್ಯ ಹೊಳೆಯಿತು. ಮಾಡಬೇಕಾದ ಕೆಲಸ ಬಿಟ್ಟು ಸುಮ್ಮನೆ ಮಲಗುವುದು ಬೇರೆ, ಸುಮ್ಮನೆ ಮಲಗುವುದೇ ಕೆಲಸವಾಗುವುದು ಬೇರೆ. ಎಂದೂ ತುರಿಸದ ಅಂಗಾಲು ತುರಿಸತೊಡಗಿತು. ಮೂಗಿನ ತುದಿಗೆ ನೊಣ ಬಂದು ಕೂತು ತನ್ನ ಎರಡೂ ಕೈ ತಿಕ್ಕಿಕೊಂಡಿತು. ಅಂಗಡಿಯ ಗಾದಿಯ ಮೇಲೆ ಇಡೀ ಮಧ್ಯಾಹ್ನ ಕಲ್ಲಾಗಿ ಬೀಳುತ್ತಿದ್ದ ಅದೇ ಮೈಗೆ ಈಗ ಎದ್ದು ಬಾವಿಯಿಂದ ನೀರು ಸೇದಬೇಕು, ಕಟ್ಟಿಗೆ ಒಡೆಯಬೇಕು ಎಂಬ ಹುರುಪು ಬಂತು. ಅವನು ಹಲ್ಲು ಕಚ್ಚಿ ಶೇಂಗಾ ಹೋಳಿಗೆಯನ್ನು ನೆನೆದ. ಆಮೇಲೆ ಅದನ್ನು ನೆನೆದರೂ ಉರಿ ಏರಬಹುದೆಂದು ಹೆದರಿ ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದ.

ಅಷ್ಟರಲ್ಲಿ ಗುರಮ್ಮನ ಜರಡಿ ಮರಳಿಸಲು ಕರೀಮುನ್ನಿಸಾ ಬಾಗಿಲಿಗೆ ಬಂದಳು.

"ಭೈಯ್ಯಾ, ಅಕ್ಕ ಎಲ್ಲಿ ಹೋಗ್ಯಾರ?"

ಉತ್ತರವಿಲ್ಲ. ಅವಳು ಒಳಗೆ ಇಣುಕಿದಳು. ಬಿಳಿ ಬಟ್ಟೆ ಹೊದ್ದು ಕಟ್ಟಿಗೆಯಾಗಿ ಮಲಗಿದ ಭೈಯ್ಯಾ, ರೆಪ್ಪೆ ಮಿಟುಕಿಸದೆ ಮಾಳಿಗೆಗೆ ನೆಟ್ಟ ಕಣ್ಣು, ಮೂಗಿನ ಮೇಲೆ ನೊಣ, ಅದನ್ನು ಅಟ್ಟದ ಕೈ. ಪಕ್ಕದಲ್ಲಿ ಡಾಕ್ಟರು. ಡಾಕ್ಟರು ಅವಳತ್ತ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿದರು. ಮಾತಾಡಬೇಡ ಎಂದು ಅವರು ಹೇಳಿದ್ದು. ಕರೀಮುನ್ನಿಸಾ ಜರಡಿಯನ್ನು ಹೊಸ್ತಿಲ ಮೇಲೆಯೇ ಬಿಟ್ಟು ಓಡಿದಳು.

ಓಡಿದವಳು ಮೊದಲು ಕಂಡದ್ದು ಎದುರು ಅಂಗಡಿಯ ಶಾಂತಲಿಂಗಪ್ಪನನ್ನು. ಕಲ್ಯಾಣಪ್ಪನ ಬಾಲ್ಯದ ಗೆಳೆಯ, ಅವನದೂ ಬಟ್ಟೆ ವ್ಯಾಪಾರವೇ. ಮಾರುತ್ತಿದ್ದ ಸೀರೆಯನ್ನು ಗಿರಾಕಿಯ ಕೈಯಲ್ಲೇ ಬಿಟ್ಟು ಅವನು ಮಠದ ಕಡೆ ಓಡಿದ. ಹೋಗುವ ಜೀವದ ಹಣೆಗೆ ಜಂಗಮರು ವಿಭೂತಿ ಹಚ್ಚಿ, ವೀಳ್ಯ ಕೊಟ್ಟು ಬೀಳ್ಕೊಡಬೇಕು, ಆ ವಿಭೂತಿ ವೀಳ್ಯ ತಪ್ಪಿದರೆ ಗೆಳೆಯನಾಗಿ ತನಗೆ ಮುಖವಿಲ್ಲ ಎಂಬುದೊಂದೇ ಅವನ ಯೋಚನೆ. ಅವನು ಮಠದ ಅಯ್ಯನವರನ್ನು ಕರೆದುಕೊಂಡು ಬರುವ ದಾರಿಯಲ್ಲಿ ಕಂಡವರೆಲ್ಲ ಹಿಂಬಾಲಿಸಿದರು. ಮನೆ ಮುಟ್ಟಿದಾಗ ಮೂವತ್ತು ಮಂದಿಯಾಗಿದ್ದರು.

ಅವರು ಒಳಗೆ ಕಾಲಿಟ್ಟಾಗ ಕಲ್ಯಾಣಪ್ಪನ ಬಾಯಿಗೆ ನಳಿಗೆ ಬಿದ್ದಿತ್ತು, ಮೂಗಿಗೆ ಚಿಮಟಿ ಹಾಕಿ ಬಿಗಿದಿತ್ತು. ಡಬ್ಬಿ ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು. ಬಂದವರು ಒಂದು ಕ್ಷಣ ಅದನ್ನೇ ನೋಡಿ ನಿಂತರು.

"ಜೀವ ಆ ಡಬ್ಬ್ಯಾಗ ಅದ ಅಂತ ಕಾಣ್ತದ," ಎಂದು ಯಾರೋ ಪಿಸುಗುಟ್ಟಿದರು.

ಡಾಕ್ಟರು ನಾಡಿ ಹಿಡಿದು ಎಣಿಸುತ್ತಿದ್ದರು. ಗದರಿದರೆ ಮಲಗಿದವನ ಉರಿ ಏರುತ್ತದೆ, ಸುಮ್ಮನಿದ್ದರೆ ಈ ಜನ ಹೋಗುವುದಿಲ್ಲ. ಅವರು ಗಡಿಯಾರದಿಂದ ಕಣ್ಣು ಕೀಳದೆ, ಆದಷ್ಟು ಸಣ್ಣ ಧ್ವನಿಯಲ್ಲಿ ಹೇಳಿದರು:

"ಗದ್ದಲ ಮಾಡಬ್ಯಾಡ್ರಿ. ಇನ್ನ ಹದಿನಾಲ್ಕು ನಿಮಿಷ ಅದ."

ಪಡಸಾಲೆಯಲ್ಲಿ ನಿಟ್ಟುಸಿರು ಹರಿಯಿತು. ಡಾಕ್ಟರಿ ವಿದ್ಯೆ ಎಲ್ಲಿಗೆ ಬಂದು ಮುಟ್ಟಿದೆ, ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ ಎಂದು ಅಯ್ಯನವರಿಗೆ ಆಶ್ಚರ್ಯವಾಯಿತು. ಇರುವುದೇ ಹದಿನಾಲ್ಕು ನಿಮಿಷವಾದರೆ ತಡ ಮಾಡುವುದು ಸಲ್ಲ ಎಂದು ಅವರು ವಿಭೂತಿ ತೆಗೆದರು, ನಾಲ್ಕು ಮಂದಿ ತಾಳ ಹಿಡಿದು ಮೆಲ್ಲಗೆ ಭಜನೆ ಎತ್ತಿದರು.

ಕಲ್ಯಾಣಪ್ಪನಿಗೆ ಎಲ್ಲವೂ ಅರ್ಥವಾಯಿತು. ತಾನು ಸಾಯುತ್ತಿದ್ದೇನೆಂದು ಊರು ನಂಬಿದೆ. ಎದ್ದು ಕೂತು, ನಾ ಸಾಯಾಕತ್ತಿಲ್ರಪ್ಪಾ ಎಂದರೆ ಮುಗಿಯುತ್ತಿತ್ತು. ಎದ್ದರೆ ಉರಿ ಏರುತ್ತದೆ, ಉರಿ ಏರಿದರೆ ಒಲೆ ಮಂದ ಎಂದು ಯಂತ್ರ ಹೇಳುವುದಿಲ್ಲ, ಯಂತ್ರ ಹೇಳದಿದ್ದರೆ ಹೊ... ಅವನು ಆ ಪದವನ್ನು ಮನಸ್ಸಿನಲ್ಲೂ ಪೂರ್ತಿ ಮಾಡಲಿಲ್ಲ. ಸಾಯುವುದು ಹದಿನಾಲ್ಕು ನಿಮಿಷದ ಮಾತು, ತಡೆದುಕೊಳ್ಳೋಣ ಎಂದು ನಿರ್ಧರಿಸಿದ. ಅಯ್ಯನವರು ಹಣೆಗೆ ತಣ್ಣನೆಯ ವಿಭೂತಿ ಬಳಿದರು, ಕೊರಳಿನ ಲಿಂಗವನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. ಅವನು ಅಲುಗಲಿಲ್ಲ.

"ಎಂಥಾ ಶಾಂತ ಮರಣ," ಎಂದರು ಅಯ್ಯನವರು.

ಶಾಂತಲಿಂಗಪ್ಪ ಹೊರಸಿನ ಪಕ್ಕದಲ್ಲಿ ಕುಸಿದು ಕೂತು ಗೆಳೆಯನ ಗುಣಗಾನ ಆರಂಭಿಸಿದ. ಕಲ್ಯಾಣಪ್ಪನೂ ಕಿವಿ ನಿಮಿರಿಸಿದ. ನಲವತ್ತೈದು ವರ್ಷ ಬಾಳಿದ್ದಕ್ಕೆ ಊರು ತನ್ನ ಬಗ್ಗೆ ಏನು ಹೇಳುತ್ತದೆ ಎಂದು ಬದುಕಿದ್ದಾಗಲೇ ಕೇಳುವ ಯೋಗ ಯಾರಿಗಿದೆ?

"ಕಡಗಂಚಿ ಮದವ್ಯಾಗ ಇಪ್ಪತ್ತೇಳು ಹೋಳಿಗಿ ತಿಂದಿದ್ದ," ಎಂದು ಶಾಂತಲಿಂಗಪ್ಪ ಬಿಕ್ಕಿದ. "ನಾನ ಎಣಿಸಿದ್ದೆ."

"ಗೊಬ್ಬೂರದಾಗ ನಮ್ಮ ಕಾಕಾನ ತಿಥಿಗೆ ಬಂದು, ಬಡಸವರು ದಣದ್ರೂ ತಾ ದಣಿಲಿಲ್ಲ," ಎಂದರು ಇನ್ನೊಬ್ಬರು.

"ಅಂಥಾ ಉಣ್ಣೋ ಮನಷ್ಯಾ ಇನ್ನ ಈ ಪ್ಯಾಟ್ಯಾಗ ಹುಟ್ಟೂದಿಲ್ಲ ಬಿಡ್ರಿ."

ಇನ್ನೇನಾದರೂ ಬರುತ್ತದೆಂದು ಕಲ್ಯಾಣಪ್ಪ ಕಾದ. ಬರಗಾಲದ ವರ್ಷ ಊರಿನ ಬಾವಿಗೆ ಕಲ್ಲು ಕಟ್ಟಿಸಿದ್ದು, ಶಾಂತಲಿಂಗಪ್ಪನ ಅಂಗಡಿಗೆ ಬೆಂಕಿ ಬಿದ್ದಾಗ ಮೊದಲು ಕೊಡ ಎತ್ತಿದ್ದು, ಯಾರಿಗೂ ನೆನಪಿಗೆ ಬರಲಿಲ್ಲ. ಭಜನೆಯ ನಡುವೆ ಅವನ ಇಡೀ ಬಾಳು ಒಂದು ದೊಡ್ಡ ಊಟವಾಗಿ ಮುಗಿದುಹೋಯಿತು. ಅವನಿಗೆ ನಿಜಕ್ಕೂ ಬೇಜಾರಾಯಿತು.

ಆಮೇಲೆ ಮಾತು ಹೊರಳಿ ಮುಂದಿನ ಕೆಲಸಕ್ಕೆ ಬಂತು. ಲಿಂಗಾಯತರಲ್ಲಿ ಹೋದವರನ್ನು ಕೂರಿಸಿ ಮಣ್ಣು ಮಾಡಬೇಕು. ಇವನು ಕೂತರೆ ಎಷ್ಟು ಅಗಲ ಆಗುತ್ತಾನೆ, ಕುಣಿ ಎಷ್ಟು ತೋಡಿಸಬೇಕು ಎಂಬ ಪ್ರಶ್ನೆ ಎದ್ದಿತು. ಶಾಂತಲಿಂಗಪ್ಪ ಕಣ್ಣೊರೆಸಿಕೊಂಡು ಎದ್ದ. ಅಳತೆಯ ವಿಷಯದಲ್ಲಿ ದುಃಖವನ್ನು ಬೆರೆಸುವ ವ್ಯಾಪಾರಿ ಅವನಲ್ಲ. ಮೊಣಕೈ ಊರಿ, ಬೆರಳು ಚಾಚಿ, ಗೆಳೆಯನ ಒಂದು ತೋಳಿನಿಂದ ಇನ್ನೊಂದು ತೋಳಿನ ತನಕ ಮೊಳ ಹಾಕಿದ.

"ಎರಡು ಮೊಳ, ಮ್ಯಾಲ ಒಂದು ಗೇಣು," ಎಂದ. "ಮೂರು ಮೊಳ ಅಂತ ಹಿಡೀರಿ. ಸಡಿಲ ಇದ್ರ ಚೊಲೊ."

ಹೊಟ್ಟೆಯ ಮೇಲೆ ಅವನ ಕೈ ಹರಿದಾಗ ಕಲ್ಯಾಣಪ್ಪನಿಗೆ ಕಚಗುಳಿಯಾಯಿತು. ಉಕ್ಕಿ ಬಂದ ನಗುವನ್ನು ಅವನು ಹೇಗೆ ನುಂಗಿದನೋ ಅವನಿಗೇ ಗೊತ್ತು. "ಇನ್ನ ಏಳು ನಿಮಿಷ," ಎಂದರು ಡಾಕ್ಟರು.

ಗಿರಣಿಗೆ ಸುದ್ದಿ ಒಯ್ದವಳೂ ಕರೀಮುನ್ನಿಸಾ. ಗುರಮ್ಮ ಮೊದಲು ನಂಬಲಿಲ್ಲ. "ಅದು ಪರೀಕ್ಷಾ ಬೇ, ಏನೂ ಆಗಿಲ್ಲ," ಎಂದು ಇವಳನ್ನೇ ಸಮಾಧಾನ ಮಾಡುತ್ತ ಬುಟ್ಟಿ ಹೊತ್ತು ಹೊರಟಳು. ಓಣಿಯ ತಿರುವಿನ ತನಕ ಆ ಧೈರ್ಯವಿತ್ತು. ತಿರುವಿನಲ್ಲಿ ತನ್ನ ಮನೆಯ ಮುಂದೆ ಮೂವತ್ತು ಜೊತೆ ಕೆರ ಕಂಡವು, ಒಳಗಿನಿಂದ ಭಜನೆ ಕೇಳಿತು. ಬುಟ್ಟಿ ಕೈಜಾರಿತು. ಯಂತ್ರ ಇವರನ್ನು ತಿಂದೇಬಿಟ್ಟಿತು ಎಂದುಕೊಂಡು, ಮೈತುಂಬ ಸಜ್ಜೆಯ ಹಿಟ್ಟಿನಲ್ಲಿ ಅವಳು ಒಳಗೆ ನುಗ್ಗಿದಳು. ಹಣೆತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಅವಳು ಹೊರಸಿನ ಕಾಲು ಹಿಡಿದು ಕೂತುಬಿಟ್ಟಳು.

"ಹಸದು ಹೊಂಟ್ರೇನ್ರಿ," ಎಂದು ಅತ್ತಳು. "ಎರಡು ರೊಟ್ಟಿ, ಎರಡು ರೊಟ್ಟಿ ಅಂತ ನಾನ ನಿಮ್ಮ ತುತ್ತು ಕಸಗೊಂಡೆ. ನಿಮ್ಮ ಮೊಣಕಾಲು ನೋಯ್ತಾವಂತ ಮಾಡಿದೆ ನಾ. ಹೊಟ್ಟಿ ಉರಸಾಕ ಮಾಡಲಿಲ್ಲ."

ಗುರಮ್ಮ ಅಳುವುದನ್ನು ಕಲ್ಯಾಣಪ್ಪ ಕೇಳಿ ವರ್ಷಗಳಾಗಿದ್ದವು. ಊರು ಬಿಟ್ಟು ಗಾಡಿ ಏರಿದಾಗಲೂ ಅವಳು ಅತ್ತಿರಲಿಲ್ಲ, ಅವನೇ ಅತ್ತಿದ್ದ. ಎದೆಯಲ್ಲಿ ಏನೋ ಹಿಡಿದುಕೊಂಡಿತು. ಹೋಳಿಗೆ ಹಾಳಾಗಲಿ, ಎದ್ದುಬಿಡಬೇಕು ಎನ್ನಿಸಿತು. ಅದು ನಿಜವಾಗಿಯೂ ಅನ್ನಿಸಿತು. ಮುಂದೆ ಅವನು ಎಷ್ಟು ಆಣೆ ಇಟ್ಟು ಹೇಳಿದರೂ ಯಾರೂ ನಂಬಲಿಲ್ಲ ಎಂಬುದು ಬೇರೆ ಮಾತು. ಯಾಕೆಂದರೆ ಅವನು ಏಳುವಷ್ಟರಲ್ಲಿ ಗುರಮ್ಮ ಮತ್ತೊಂದು ಮಾತು ಹೇಳಿದಳು.

"ಒಂದ ಸಲ ಎದ್ದು ಕೂಡ್ರಿ. ಎಳ್ಳಮಾಸಿಗಿ ಹೊಲದಾಗ ನಿಮ್ಮ ಗಂಗಾಳ ತುಂಬ ಶೇಂಗಾ ಹೋಳಿಗಿ ಹಾಕ್ತೇನಿ. ಮ್ಯಾಲ ತುಪ್ಪ ಹಾಕ್ತೇನಿ. ಅಯ್ಯನವರ ಸಾಕ್ಷಿ."

ಕಲ್ಯಾಣಪ್ಪ ಎದ್ದು ಕೂತ.

ನಳಿಗೆ ಒಂದು ಕಡೆ ಹಾರಿತು, ಚಿಮಟಿ ಒಂದು ಕಡೆ. "ಎಲ್ಲಾರೂ ಕೇಳಿದ್ರೆಲ್ಲ?" ಎಂದ ಅವನು. ಭಜನೆ ನಿಂತಿತು. ತಾಳ ಹಿಡಿದವರು ಬಾಗಿಲಿಗೆ ಓಡಿದರು. ಶಾಂತಲಿಂಗಪ್ಪ ಅಯ್ಯನವರ ಹಿಂದೆ ಅಡಗಿದ, ಅಯ್ಯನವರು ಶಾಂತಲಿಂಗಪ್ಪನ ಹಿಂದೆ ಅಡಗಲು ನೋಡುತ್ತಿದ್ದರು. ಡಾಕ್ಟರು ಮಾತ್ರ ತಲೆಯ ಮೇಲೆ ಕೈ ಹೊತ್ತು, "ಎರಡ ನಿಮಿಷ ಉಳದಿತ್ತಲ್ರೀ ಕಾಕಾ, ಎರಡ ನಿಮಿಷ," ಎಂದು ಗೋಳಾಡಿದರು.

ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳುವುದಕ್ಕೆ ಕಾಲು ತಾಸು ಹಿಡಿಯಿತು. ಗುರಮ್ಮ ಮೊದಲು ಕಣ್ಣೊರೆಸಿಕೊಂಡಳು, ಆಮೇಲೆ ಹಿಟ್ಟಿನ ಕೈಯಿಂದಲೇ ಗಂಡನ ಬೆನ್ನಿಗೆ ಒಂದು ಬಾರಿಸಿದಳು. ಅಯ್ಯನವರು ಗೋಡೆ ನೋಡುತ್ತ ನಿಂತರು.

"ನಾ ಅಳೋದು ಕೇಳಿಸಿಗೋತ ಮಲಗಿದ್ರೇನ್ರಿ? ಹೋಳಿಗಿ ಅಂದಕೂಡ್ಲೆ ಜೀವ ಬಂತೇನು?"

"ಇಲ್ಲ ಗುರಮ್ಮಾ, ನೀ ಅತ್ತಾಗ ನಾ ಎದ್ದ ಬಿಟ್ಟಿದ್ದೆ. ಒಳಗ ಎದ್ದಿದ್ದೆ. ಮೈ ಏಳೂದಕ್ಕ ಸ್ವಲ್ಪ ಹೊತ್ತಾತು."

"ಡಾಕ್ಟ್ರ," ಎಂದು ಗುರಮ್ಮ ತಿರುಗಿದಳು. "ಆ ಕಾಗದದಾಗ ಏನು ಬಿದ್ದದ ಹೇಳ್ರಿ."

ಪ್ರಹ್ಲಾದರಾಯರಿಗೆ ವಿಜ್ಞಾನ ಗೊತ್ತಿತ್ತು, ಮದುವೆ ಇನ್ನೂ ಆಗಿರಲಿಲ್ಲ. ಅವರು ಉರುಳೆಯಿಂದ ಕಾಗದ ಬಿಚ್ಚಿ ನೆಲದ ಮೇಲೆ ಹರಡಿದರು. ಮೂವತ್ತು ಮಂದಿಯೂ ಬಗ್ಗಿದರು.

"ಇಲ್ಲಿ ನೋಡ್ರಿ, ಸಣ್ಣ ಸಣ್ಣ ತೆರಿ. ಬರೋಬ್ಬರಿ ಉಸುರು. ಇಲ್ಲಿ ಅಯ್ಯನವರು ಬಂದ್ರು, ಏನೂ ಫರಕಿಲ್ಲ. ಇಲ್ಲಿ ಊಟದ ಮಾತು ನಡದಿತ್ತು, ತೆರಿ ಸ್ವಲ್ಪ ದೊಡ್ಡವಾದ್ವು. ಇದು ಶಾಂತಲಿಂಗಪ್ಪನವರು ಮೊಳ ಹಾಕಿದ್ದು, ಗಡಗಡ ನಡುಗ್ಯದ."

"ನಾ ಅತ್ತದ್ದು ಎಲ್ಲಿ?"

ಡಾಕ್ಟರ ಬೆರಳು ಸರಿಯಿತು. ಅಲ್ಲಿ ತೆರೆಯೇ ಇರಲಿಲ್ಲ. ಗೆರೆ ಬೋಳಾಗಿ, ನೇರವಾಗಿ ಹೋಗಿತ್ತು. ಗುರಮ್ಮನ ಮುಖ ಇಳಿಯಿತು. "ಏನೂ ಆಗಿಲ್ಲೇನು," ಎಂದಳು ಮೆಲ್ಲಗೆ.

"ಹಂಗಲ್ರಿ ಕಾಕೂ," ಎಂದರು ಡಾಕ್ಟರು. "ಗೆರಿ ಸಪಾಟ ಅದ ಅಂದ್ರ ಅಷ್ಟು ಹೊತ್ತು ಕಾಕಾ ಉಸುರ ಆಡಿಲ್ಲ. ನೀವು ಅಳಾಕತ್ತಾಗ ಉಸುರಾಡೂದ ಮರತಾರ."

ಗುರಮ್ಮ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ಗಂಡನತ್ತ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ತಾನು ಒಮ್ಮೆಯೂ ಬಾಯಿಬಿಟ್ಟು ಹೇಳಲಾರದ್ದನ್ನು ಒಂದು ತಗಡಿನ ಡಬ್ಬಿ ಊರ ಮುಂದೆ ಹೇಳಿಬಿಟ್ಟಿತಲ್ಲ ಎಂದು ಕಲ್ಯಾಣಪ್ಪ ನಾಚಿ ತಲೆ ತಗ್ಗಿಸಿದ. ಅವನ ಕಣ್ಣೂ ತುಂಬಿತ್ತು. ವಿಷಯ ಅಲ್ಲಿಗೇ ನಿಂತಿದ್ದರೆ ಈ ಕಥೆ ಅವನ ಗೆಲುವಿನಲ್ಲಿ ಮುಗಿಯುತ್ತಿತ್ತು.

"ಅದರ ಮುಂದಿಂದು ಏನ್ರಿ ಅದು, ಗುಡ್ಡ ಎದ್ದಂಗ?" ಎಂದು ಶಾಂತಲಿಂಗಪ್ಪ ಕೇಳಿದ.

"ಅದೇನ್ರಿ, ಲೇಖನಿ ಕಾಗದ ದಾಟಿ ಹಂಡ್ಯಾಗ ಹೋಗ್ಯದ. ಇಂಥಾ ಏರು ನಾ ಅಫಜಲಪುರದಾಗೂ ನೋಡಿಲ್ಲ, ಮುಂಬಯಿದಾಗೂ ನೋಡಿಲ್ಲ," ಎಂದು ಡಾಕ್ಟರು ಹುರುಪಿನಿಂದ ಬಗ್ಗಿ ನಿಮಿಷ ಎಣಿಸಿದರು. "ಇದು ಯಾವಾಗ ಆತಂದ್ರ... ಹಾಂ. ಕಾಕೂ ಅವರು ಶೇಂಗಾ ಹೋಳಿಗಿ ಅಂದಾಗ."

ಗುರಮ್ಮ ಸೆರಗು ಕೆಳಗಿಳಿಸಿದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿದಳು.

"ಇವರ ಒಲಿ ಎಷ್ಟು ಉರೀತದ ಅಂಬೂದು ನಿಮ್ಮ ಯಂತ್ರಕ್ಕ ಗೊತ್ತಾಗಲಿಲ್ಲ ಡಾಕ್ಟ್ರ," ಎಂದಳು. "ಯಾತಕ್ಕ ಉರೀತದ ಅಂಬೂದು ಗೊತ್ತಾತು. ನಮಗ ಅಷ್ಟ ಸಾಕು."

ಆಳಂದದ ಲೆಕ್ಕ ಒಂಬತ್ತಕ್ಕೇ ನಿಂತು ಡಾಕ್ಟರು ಜೇವರ್ಗಿಯ ದಾರಿ ಹಿಡಿದರು.

ಎಳ್ಳಮಾಸಿ ಬಂತು. ತನ್ನ ಸಾವಿಗೆ ಬಂದವರನ್ನು ಹಬ್ಬಕ್ಕೆ ಕರೆಯದೆ ಇರುವುದು ಹೇಗೆ? ಮೂವತ್ತು ಮಂದಿಯೂ ಮಟಕಿಯ ಹೊಲಕ್ಕೆ ಬಂದರು. ಬನ್ನಿಗಿಡದ ಕೆಳಗೆ ಪೂಜೆಯಾಯಿತು, ಭೂತಾಯಿಯ ಪಾಲಿನ ನೈವೇದ್ಯವಾಗಿ ಬೆಳೆಯ ನಡುವೆ ಚರಗ ಚೆಲ್ಲಿದ್ದಾಯಿತು, ಪಂಕ್ತಿ ಕೂತಿತು. ಗುರಮ್ಮ ಮಾತಿಗೆ ತಪ್ಪುವವಳಲ್ಲ. ಗಂಡನ ಗಂಗಾಳದಲ್ಲಿ ಶೇಂಗಾ ಹೋಳಿಗೆ ಒಂದರ ಮೇಲೊಂದು ಪೇರಿಸಿ, ಮೇಲೆ ತುಪ್ಪ ಸುರಿದು ತಂದು ಮುಂದಿಟ್ಟಳು.

ಕಲ್ಯಾಣಪ್ಪ ಮೊದಲ ಹೋಳಿಗೆ ಎತ್ತಿಕೊಂಡ. ಬಾಯಿಯ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಮುಂಜಾನೆಯಿಂದ ಎಲ್ಲರಿಗೂ ಬಡಿಸುತ್ತಿದ್ದ ಗುರಮ್ಮ ಇನ್ನೂ ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಅವನು ಹೋಳಿಗೆಯನ್ನು ಎರಡು ಮಾಡಿ ಅರ್ಧವನ್ನು ಅವಳತ್ತ ಚಾಚಿದ. ಪಂಕ್ತಿಯ ನಡುವೆ, ಅಯ್ಯನವರ ಎದುರಿಗೆ, ಗಂಡನಾದವನು ಹೆಂಡತಿಗೆ! ಶಾಂತಲಿಂಗಪ್ಪನ ಬಾಯಲ್ಲಿದ್ದ ಭಜ್ಜಿ ಬಾಯಲ್ಲೇ ಉಳಿಯಿತು. ಗುರಮ್ಮ ಕೆಂಪಾಗಿ, ಆ ಅರ್ಧವನ್ನು ತೆಗೆದುಕೊಂಡು ತಿಂದಳು. ತಿಂದು ಕೈ ಒರೆಸಿಕೊಂಡು, ಬಗ್ಗಿ, ಗಂಗಾಳವನ್ನೇ ಎತ್ತಿದಳು.

"ಕೊಟ್ಟು ತಿನ್ನೂದು ಕಲತ್ರೆಲ್ಲ, ಬರೋಬ್ಬರಿ ಆತು," ಎಂದಳು. "ನಿಮ್ಮ ಸಲವಾಗಿ ಇಷ್ಟು ಮಂದಿ ಅತ್ತಾರ. ಅವರಿಗೂ ಕೊಡೂಣು."

"ಗಂಗಾಳ ತುಂಬ ಹಾಕ್ತೇನಿ ಅಂದಿದ್ದೆಲ್ಲ ನೀ," ಎಂದ ಕಲ್ಯಾಣಪ್ಪ ಸಣ್ಣ ಧ್ವನಿಯಲ್ಲಿ.

"ಹಾಕಿದೆನೋ ಇಲ್ಲೋ? ಅಯ್ಯನವರನ್ನ ಕೇಳ್ರಿ."

ಅಯ್ಯನವರು ಹೌದೆಂದು ತಲೆಯಾಡಿಸಿ ತಮ್ಮ ತಟ್ಟೆಯನ್ನು ಮುಂದೆ ಸರಿಸಿದರು. ಗಂಗಾಳ ಪಂಕ್ತಿಯ ಆ ತುದಿಯ ತನಕ ಹೋಯಿತು. ಕಲ್ಯಾಣಪ್ಪ ಉಳಿದ ಅರ್ಧ ಹೋಳಿಗೆಯನ್ನು ಕೈಯಲ್ಲೇ ಹಿಡಿದು, ಬಿಟ್ಟ ಕಣ್ಣು ಬಿಟ್ಟ ಹಾಗೆ, ಅದು ಒಬ್ಬೊಬ್ಬರ ಮುಂದೆ ಹಗುರಾಗುವುದನ್ನು ನೋಡುತ್ತ ಕೂತ. ಶಾಂತಲಿಂಗಪ್ಪ ಎರಡು ಹಾಕಿಸಿಕೊಂಡ. ಗಂಗಾಳ ಮರಳಿ ಬಂದಾಗ ಅದರ ತಳದಲ್ಲಿ ಒಂದೇ ಒಂದು ಉಳಿದಿತ್ತು. ಗುರಮ್ಮ ಅದನ್ನು ಗಂಡನ ಮುಂದಿಟ್ಟು, ತುಪ್ಪದ ಮಿಳ್ಳೆ ಬಗ್ಗಿಸಿ, ಅವನ ಮುಖವನ್ನು ಒಮ್ಮೆ ನೋಡಿದಳು.

"ತಿನ್ರಿ," ಎಂದಳು. "ಮೊದ್ಲ ಉಸುರು ಬಿಡ್ರಿ, ಆಮ್ಯಾಲ ತಿನ್ರಿ."